ಎಸ್ಟೋನಿಯಾದಲ್ಲಿ ರಷ್ಯಾದ ಬೇಹುಗಾರಿಕೆ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರ್ಪಟ್ಟ ಈ ಪುಟ್ಟ ರಾಷ್ಟ್ರ 2004ರಲ್ಲಿ ನ್ಯಾಟೊ ಹಾಗೂ ಐರೋಪ್ಯ ಒಕ್ಕೂಟಗಳ ಸದಸ್ಯತ್ವ ಪಡೆಯಿತು. ಅಲ್ಲಿಂದೀಚೆಗೆ ರಾಜಧಾನಿ ಟ್ಯಾಲಿನ್‌ನಲ್ಲಿ ಸೋರಿದ ರಹಸ್ಯ ಇಡೀ ನ್ಯಾಟೊ ಕೂಟದ ರಹಸ್ಯವೂ ಆಗತೊಡಗಿತು.

ಇದಕ್ಕೆ ಹರ್ಮನ್ ಸಿಮ್ ಪ್ರಕರಣವೇ ಮುಖ್ಯ ನಿದರ್ಶನ. ಪೊಲೀಸ್ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದು 1995ರಲ್ಲಿ ರಕ್ಷಣಾ ಸಚಿವಾಲಯ ಸೇರಿದ ಸಿಮ್, ಮುಂದೆ ರಹಸ್ಯ ದಾಖಲೆಗಳ ರಕ್ಷಣೆಯ ವಿಭಾಗಕ್ಕೇ ಮುಖ್ಯಸ್ಥನಾದ. ಆದರೆ 1995ರಲ್ಲೇ, ಟುನೀಶಿಯಾ ಪ್ರವಾಸದ ವೇಳೆ, ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆ ಎಸ್‌ವಿಆರ್ ಆತನನ್ನು ಒಲಿಸಿಕೊಂಡಿತ್ತು. ಪೋರ್ಚುಗಲ್ ಪ್ರಜೆಯ ಸೋಗಿನಲ್ಲಿದ್ದ ರಷ್ಯಾದ ಅಧಿಕಾರಿಯೊಬ್ಬ ಆತನಿಂದ ದಾಖಲೆಗಳನ್ನು ಪಡೆಯುತ್ತಿದ್ದ. 2008ರ ಸೆಪ್ಟೆಂಬರ್‌ನಲ್ಲಿ ಸಿಮ್ ಸೆರೆಯಾದ. 2009ರ ಫೆಬ್ರವರಿಯಲ್ಲಿ ನ್ಯಾಯಾಲಯ ಆತನಿಗೆ ಹನ್ನೆರಡೂವರೆ ವರ್ಷಗಳ ಶಿಕ್ಷೆ ವಿಧಿಸಿತು.

ಬೇಹುಗಾರರನ್ನು ಹಿಡಿಯಬೇಕಾದ ಆಂತರಿಕ ಭದ್ರತಾ ಸಂಸ್ಥೆ 'ಕಾಪೊ' ಕೂಡ ಇದಕ್ಕೆ ಹೊರತಾಗಲಿಲ್ಲ. ಅದರ ಅಧಿಕಾರಿ ಅಲೆಕ್ಸೆಯ್ ಡ್ರೆಸೆನ್‌ಗೆ 2012ರಲ್ಲಿ 16 ವರ್ಷಗಳ ಶಿಕ್ಷೆಯಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಕಾಪೊ ಅಧಿಕಾರಿ ಎಸ್ಟನ್ ಕೊಹ್ವರ್ ಅವರನ್ನು ರಷ್ಯಾ ಗಡಿಯ ಬಳಿ ಹಿಡಿದೊಯ್ದಿತು. ಅವರನ್ನು ತನ್ನ ನೆಲದಿಂದಲೇ ಅಪಹರಿಸಲಾಯಿತೆಂಬುದು ಎಸ್ಟೋನಿಯಾದ ಆರೋಪ. ತನ್ನ ನೆಲದಲ್ಲೇ ಬಂಧಿಸಿದೆವೆಂಬುದು ರಷ್ಯಾದ ವಾದ. ಮರುವರ್ಷ ಗಡಿಯ ಸೇತುವೆಯೊಂದರ ಮೇಲೆ ಇಬ್ಬರ ವಿನಿಮಯ ನಡೆಯಿತು.

ಸೇನೆಯ ಮೇಜರ್ ಡೆನಿಸ್ ಮೆತ್ಸಾವಾಸ್ ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುವಿನ ಬಲೆಗೆ ಬಿದ್ದದ್ದು ರಷ್ಯಾಕ್ಕೆ ಹೋಗಿದ್ದಾಗ, ಹೆಣ್ಣಿನ ಆಮಿಷದಿಂದ. 2019ರಲ್ಲಿ ಆತನಿಗೆ ಹದಿನೈದೂವರೆ ವರ್ಷಗಳ ಶಿಕ್ಷೆಯಾಯಿತು. 2024ರಲ್ಲಿ ತಾರ್ತು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ವ್ಯಾಚೆಸ್ಲಾವ್ ಮೊರೊಝೊವ್‌ಗೆ ಆರು ವರ್ಷ ಮೂರು ತಿಂಗಳ ಸೆರೆವಾಸ ವಿಧಿಸಲಾಯಿತು.

ಎಸ್ಟೋನಿಯಾದ ಜನರಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಮಂದಿ ರಷ್ಯನ್ ಮೂಲದವರು. ಅನೇಕರ ಬಂಧುಗಳು ಗಡಿಯಾಚೆ ಇದ್ದಾರೆ. ಹೋಗಿಬರುವ ಇಂಥವರನ್ನು ಸೆಳೆಯಲು ರಷ್ಯಾದ ಸಂಸ್ಥೆಗಳು ಯತ್ನಿಸುವುದುಂಟು. ಹಾಗೆಂದು ಇಡೀ ಸಮುದಾಯವನ್ನೇ ಶಂಕಿಸುವುದು ನ್ಯಾಯವಲ್ಲ. ಎಲ್ಲರಿಗಿಂತ ಹೆಚ್ಚು ಹಾನಿ ಮಾಡಿದ ಸಿಮ್ ಎಸ್ಟೋನಿಯನ್ ಮೂಲದವನೇ ಆಗಿದ್ದ.

ಇಂತಹ ಪ್ರಕರಣಗಳನ್ನು ಮುಚ್ಚಿಡುವ ದೇಶಗಳು ಹಲವು. ಎಸ್ಟೋನಿಯಾ ಮಾತ್ರ ಆರೋಪಿಗಳನ್ನು ನ್ಯಾಯಾಲಯಕ್ಕೆ ಒಯ್ದು, ಶಿಕ್ಷೆಯಾದವರ ಹೆಸರನ್ನು ಬಹಿರಂಗಪಡಿಸುತ್ತ ಬಂದಿದೆ. ಕಾಪೊ ಪ್ರತಿವರ್ಷ ತನ್ನ ವರದಿಯನ್ನು ಪ್ರಕಟಿಸುತ್ತದೆ. ಮುಜುಗರವಾದರೂ ಸರಿ, ಪ್ರಜೆಗಳು ಎಚ್ಚರದಿಂದಿರಲಿ ಎಂಬುದು ಈ ನೀತಿಯ ಸಾರ.