ಹೃದಯದ ನಡುಗೋಡೆ

ಹೃದಯದ ಬಲಭಾಗದಿಂದ ಹೊರಟ ರಕ್ತವು ಶ್ವಾಸಕೋಶಗಳಿಗೆ ಹರಿದು, ಅಲ್ಲಿ ಪ್ರಾಣವಾಯುವನ್ನು ಪಡೆದು, ಎಡಭಾಗಕ್ಕೆ ಹಿಂದಿರುಗಿ, ಬಳಿಕ ದೇಹವೆಲ್ಲಕ್ಕೂ ಹರಡುವುದೆಂಬ ಸಂಗತಿಯನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಈ ಕಿರುದಾರಿಯನ್ನು ಕಂಡುಕೊಳ್ಳಲು ಮಾನವನಿಗೆ ಎಷ್ಟು ಶತಮಾನಗಳು ಬೇಕಾದುವೆಂಬುದು ಸ್ವಾರಸ್ಯವಾದ ಕಥೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನನು, ಹೃದಯದ ಎಡಬಲಗಳ ನಡುವಣ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆಯೆಂದೂ, ಅವುಗಳ ಮೂಲಕ ರಕ್ತವು ಬಲದಿಂದ ಎಡಕ್ಕೆ ಜಿನುಗುವುದೆಂದೂ ಬರೆದನು. ಕಾಣದುದನ್ನು ಇಲ್ಲವೆಂದು ಸಾಧಿಸುವುದು ಕಷ್ಟ. ಗ್ಯಾಲೆನನ ಮಾತಾದರೋ ವೈದ್ಯರಿಗೆ ಆಪ್ತವಾಕ್ಯವಾಗಿ ನಿಂತಿತು.

ಡಮಾಸ್ಕಸ್ಸಿನಲ್ಲಿ ಓದಿ ಕೈರೋ ನಗರದಲ್ಲಿ ನೆಲಸಿದ ಇಬ್ನ್ ಅಲ್ ನಫೀಸನು 1242ರಲ್ಲಿ ಅವಿಸೆನ್ನನ ವೈದ್ಯಗ್ರಂಥದ ಶರೀರಭಾಗಕ್ಕೆ ಒಂದು ವ್ಯಾಖ್ಯಾನವನ್ನು ರಚಿಸಿದನು. ಮೂಲವನ್ನು ಸಮರ್ಥಿಸುವುದು ವ್ಯಾಖ್ಯಾನಕಾರರ ವಾಡಿಕೆ, ಈತನು ತಿದ್ದಿದನು. ನಡುಗೋಡೆಯು ಗಟ್ಟಿಯಾದುದು, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ಆದುದರಿಂದ ರಕ್ತವು ಶ್ವಾಸಕೋಶಗಳನ್ನು ಹಾದೇ ಎಡಕ್ಕೆ ಬರಬೇಕು ಎಂಬುದು ಅವನ ತರ್ಕ. ಶ್ವಾಸಕೋಶದ ಎರಡು ರಕ್ತನಾಳಗಳ ನಡುವೆ ಸೂಕ್ಷ್ಮವಾದ ದಾರಿಗಳಿರಬೇಕೆಂದೂ ಅವನು ಊಹಿಸಿದನು.

ಮೂರು ಶತಮಾನಗಳ ತರುವಾಯ, 1553ರಲ್ಲಿ, ಸ್ಪೇನಿನ ಮೈಕೇಲ್ ಸರ್ವೀಟಸನು ತನ್ನ ಮತಧರ್ಮದ ಗ್ರಂಥವೊಂದರಲ್ಲಿ ಇದೇ ದಾರಿಯನ್ನು ವರ್ಣಿಸಿದನು. ಅದೇ ವರ್ಷ ಜಿನೀವಾದಲ್ಲಿ ಅವನನ್ನು ಜೀವಂತವಾಗಿ ಸುಟ್ಟರು. ಅವನ ಅಪರಾಧವೆಂದು ಎಣಿಸಿದುದು ರಕ್ತದ ವಿಚಾರವನ್ನಲ್ಲ, ಧರ್ಮವಿಚಾರವನ್ನು. ಆದರೂ ಗ್ರಂಥದ ಪ್ರತಿಗಳೊಡನೆ ಎರಡೂ ಬೆಂದುವು. ಅವುಗಳಲ್ಲಿ ಮೂರು ಪ್ರತಿಗಳು ಮಾತ್ರ ಉಳಿದು ಬಂದಿವೆ. 1559ರಲ್ಲಿ ಇಟಲಿಯ ರಿಯಾಲ್ಡೊ ಕೊಲಂಬೊವಿನ ಶರೀರಶಾಸ್ತ್ರವು ಈ ವಿಷಯವನ್ನು ವೈದ್ಯರ ಮುಂದಿಟ್ಟಿತು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ದೇಹದ ಸಮಸ್ತ ರಕ್ತಪರಿಚಲನೆಯನ್ನೇ ಪ್ರಯೋಗಗಳಿಂದ ಸ್ಥಾಪಿಸಿದನು. ಆದರೆ ನಾಳದಿಂದ ನಾಳಕ್ಕೆ ರಕ್ತವು ದಾಟುವ ಎಡೆಯನ್ನು ಅವನೂ ಕಾಣಲಿಲ್ಲ. 1661ರಲ್ಲಿ ಮಾರ್ಸೆಲ್ಲೊ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತಲೂ ತೆಳುವಾದ ಆ ನಾಳಗಳನ್ನು ಕಂಡನು. ಇಬ್ನ್ ಅಲ್ ನಫೀಸನ ಊಹೆ ನಿಜವಾಯಿತು. ಅದನ್ನು ಹೇಳಲು ಮಾತ್ರ ಯೂರೋಪಿನಲ್ಲಿ ಅವನ ಈ ವಿಚಾರವನ್ನು ಬಲ್ಲವರಿದ್ದಂತೆ ತೋರದು.

1924ರಲ್ಲಿ, ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ತತಾವಿಯು ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಅರಬ್ಬಿ ಹಸ್ತಪ್ರತಿಯೊಂದನ್ನು ಬಿಚ್ಚಿ ಓದಿದಾಗ ಆ ವಿಚಾರವು ಬೆಳಕಿಗೆ ಬಂದಿತು. ಸುಮಾರು ಏಳುನೂರು ವರ್ಷಗಳ ಹಿಂದಿನ ಸತ್ಯವು ಸುಡದೆ, ಹರಿಯದೆ, ಕಪಾಟಿನಲ್ಲಿಯೇ ಇದ್ದಿತು. ಸತ್ಯವನ್ನು ಬೆಂಕಿಯಷ್ಟೇ ನಮ್ಮ ಅನಾದರವೂ ಅಡಗಿಸಬಲ್ಲುದು. ನಮ್ಮ ಮಠಮನೆಗಳ ಓಲೆಗರಿಗಳ ಕಟ್ಟುಗಳನ್ನು ಕಂಡಾಗಲೆಲ್ಲ ಈ ಮಾತು ನೆನಪಿಗೆ ಬರುವುದು ಒಳ್ಳೆಯದು.