ಹತ್ತನೆಯ ತರಗತಿಯ ಕನ್ನಡ ಪುಸ್ತಕ: ಒಳಬಂದವರು, ಹೊರಹೋದವರು



ಹದಿನೈದು ವರ್ಷದ ಮಗು ಯಾವ ಕಥೆಯನ್ನು ಓದಬೇಕು, ಯಾವುದನ್ನು ಓದಬಾರದು ಎಂದು ನಿರ್ಧರಿಸುವವರು ಯಾರು? 2022ರ ಬೇಸಗೆಯಲ್ಲಿ ಈ ಪ್ರಶ್ನೆ ಕರ್ನಾಟಕದ ಬೀದಿಬೀದಿಗಳಲ್ಲಿ ಚರ್ಚೆಯಾಯಿತು. ಆಗ ನಿಮ್ಮಲ್ಲಿ ಕೆಲವರು "ಮೇಷ್ಟ್ರೇ, ನೀವೇನು ಹೇಳುತ್ತೀರಿ?" ಎಂದು ಕೇಳಿದ್ದುಂಟು. ಗದ್ದಲ ಅಡಗಲಿ ಎಂದು ಕಾದಿದ್ದೆ. ಈಗ ಅದನ್ನು ಇತಿಹಾಸದ ಒಂದು ಅಧ್ಯಾಯವಾಗಿ ನೋಡಲು ಸಾಧ್ಯವಾಗಿದೆ.

ಮೊದಲು ನಮ್ಮ ಊರಿನ ಮಾತು. ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಸಾಗುವ ರೈಲು ಹಳಿಯ ಮೇಲಿರುವ ಕಾಮಸಮುದ್ರ ಗಡಿಭಾಗದ ಊರು. ಒಂದೆಡೆ ಆಂಧ್ರ, ಇನ್ನೊಂದೆಡೆ ತಮಿಳುನಾಡು. ಇಲ್ಲಿಯ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡಿ, ಚಿನ್ನದ ಗಣಿಯ ಕಡೆಯ ನೆಂಟರೊಡನೆ ತಮಿಳಿನಲ್ಲಿ ಹರಟಿ, ಶಾಲೆಗೆ ಬಂದು ಕನ್ನಡ ಕಲಿಯುತ್ತಾರೆ. ಇದರಲ್ಲಿ ಕೊರತೆಯೇನೂ ಇಲ್ಲ. ಇದೇ ಜಿಲ್ಲೆಯ ಮಾಸ್ತಿ ಗ್ರಾಮದ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡ ಸಣ್ಣಕಥೆಗೆ ದಾರಿ ತೋರಿದ ಹಿರಿಯರಾದರು. ಆದರೆ ಮನೆಯಲ್ಲಿ ಕನ್ನಡದ ಒಂದು ಪುಸ್ತಕವೂ ಇಲ್ಲದ ಮಗುವಿಗೆ ಕನ್ನಡ ಸಾಹಿತ್ಯವೆಂದರೆ ಸರ್ಕಾರ ಕೊಡುವ ಪಠ್ಯಪುಸ್ತಕ ಮಾತ್ರ. ಬೆಂಗಳೂರಿನ ಅನುಕೂಲಸ್ಥರ ಮನೆಯ ಮಗು ಪಠ್ಯದಲ್ಲಿ ಇಲ್ಲದ್ದನ್ನು ಅಂಗಡಿಯಲ್ಲಿ ಕೊಂಡು ಓದೀತು. ನಮ್ಮೂರಿನ ಮಗುವಿನ ಪಾಲಿಗೆ ಪಠ್ಯದಿಂದ ಹೊರಹೋದದ್ದು ಲೋಕದಿಂದಲೇ ಹೊರಹೋದಂತೆ.

ಆಯ್ಕೆ ಎಂಬುದು ಅನಿವಾರ್ಯ, ನಿಜ. ಸಾವಿರ ವರ್ಷಕ್ಕೂ ಮಿಕ್ಕಿದ ಸಾಹಿತ್ಯದಿಂದ ಒಂದು ವರ್ಷಕ್ಕೆ ಕೆಲವೇ ಗದ್ಯಪದ್ಯಗಳನ್ನು ಆರಿಸಬೇಕು. ನಮ್ಮ ಪ್ರಾಚೀನ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆ, ಮಧುಪಾನ, ಸುರತ ಎಲ್ಲವೂ ಸೇರಿವೆ. ಅವನ್ನು ಪ್ರೌಢಶಾಲೆಯ ತರಗತಿಗೆ ತರದಿರುವುದು ವಯಸ್ಸನ್ನು ನೋಡಿ ಮಾಡಿದ ಆಯ್ಕೆ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬರೆದವರು ಯಾರು, ಅವರ ವಿಚಾರ ನಮ್ಮದೋ ಪರರದೋ ಎಂದು ನೋಡಿ ಕೈಬಿಟ್ಟರೆ ಅದು ಬೇರೆಯೇ ಮಾತು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ತೊಡಕಿರುವುದೇ ಅಲ್ಲಿ.

ಈ ಜಗಳ ನಿನ್ನೆ ಮೊನ್ನೆಯದಲ್ಲ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು 'ಬೂಸಾ' ಎಂಬರ್ಥದ ಮಾತನ್ನಾಡಿದರು. ಅದರ ವಿರುದ್ಧ ದೊಡ್ಡ ಗಲಭೆಯೆದ್ದು ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಮಾತು ಒರಟಾಗಿದ್ದಿರಬಹುದು. ಅದರ ಹಿಂದಿದ್ದ ಪ್ರಶ್ನೆ ಮಾತ್ರ ಸಾಯಲಿಲ್ಲ: ಈ ಸಾಹಿತ್ಯದಲ್ಲಿ ಕೇರಿಯ ಮಗುವಿನ ಬದುಕು ಎಲ್ಲಿದೆ? ಆ ಕಾಲದಲ್ಲಿ ಬರೆಯತೊಡಗಿದವರಲ್ಲಿ ದೇವನೂರ ಮಹಾದೇವ ಒಬ್ಬರು. ಮುಂದೆ ಅವರ 'ಎದೆಗೆ ಬಿದ್ದ ಅಕ್ಷರ' ಹತ್ತನೆಯ ತರಗತಿಯ ಪಾಠವಾಯಿತು. ಹೊರಗಿದ್ದವರು ಒಳಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು 2022ರ ಪ್ರಸಂಗ. ಬರಗೂರು ರಾಮಚಂದ್ರಪ್ಪನವರ ನೇತೃತ್ವದಲ್ಲಿ ಪರಿಷ್ಕೃತವಾದ ಪುಸ್ತಕಗಳು 2017–18ರಲ್ಲಿ ಮಕ್ಕಳ ಕೈಸೇರಿದ್ದವು. ಸರ್ಕಾರ ಬದಲಾದ ಮೇಲೆ ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯ ಸಮಿತಿ ಅವುಗಳನ್ನು ಮತ್ತೆ ಪರಿಷ್ಕರಿಸಿತು. ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ಸ್ಥಾಪಕ ಹೆಡಗೇವಾರರ ಭಾಷಣವೊಂದು ಸೇರಿತು. ಸಾರಾ ಅಬೂಬಕ್ಕರ್ ಅವರ 'ಯುದ್ಧ' ಕಥೆಯೂ ವಡ್ಡಾರಾಧನೆಯ 'ಸುಕುಮಾರಸ್ವಾಮಿಯ ಕಥೆ'ಯೂ ಹೊರಬಿದ್ದವು. ಆ ಮೇ ತಿಂಗಳಿನಲ್ಲಿ ದೇವನೂರರು ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆದರು. ಇನ್ನೂ ಕೆಲವು ಲೇಖಕರು ಅದೇ ದಾರಿ ಹಿಡಿದರು. ಹಂ.ಪ. ನಾಗರಾಜಯ್ಯನವರು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆಯಿತ್ತರು. ಜೂನ್ ತಿಂಗಳಿನಲ್ಲಿ ಸರ್ಕಾರವು ಸಮಿತಿಯ ಕೆಲಸ ಮುಗಿಯಿತೆಂದು ಅದನ್ನು ವಿಸರ್ಜಿಸಿತು.

2023ರಲ್ಲಿ ಮತ್ತೆ ಸರ್ಕಾರ ಬದಲಾಯಿತು. ಜೂನ್ 15ರಂದು ಸಚಿವ ಸಂಪುಟವು ಪಠ್ಯ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಹೆಡಗೇವಾರರ ಭಾಷಣ ಹೋಯಿತು. 'ಯುದ್ಧ'ವೂ ಸುಕುಮಾರಸ್ವಾಮಿಯೂ ಮರಳಿದರು. ಕಾಸರಗೋಡಿನಲ್ಲಿ ಹುಟ್ಟಿ, ನಮ್ಮಂತೆಯೇ ಗಡಿನಾಡಿನ ಕನ್ನಡಿಗರಾಗಿದ್ದ ಸಾರಾ ಅವರು ಆ ವರ್ಷದ ಜನವರಿಯಲ್ಲಿಯೇ ಕಣ್ಮುಚ್ಚಿದ್ದರು. ತಮ್ಮ ಕಥೆ ತರಗತಿಗೆ ಮರಳಿದ್ದನ್ನು ಅವರು ನೋಡಲಿಲ್ಲ.

ಯಾವ ಪಕ್ಷ ಸರಿ, ಯಾವುದು ತಪ್ಪು ಎಂಬ ತೀರ್ಪನ್ನು ನಿಮಗೇ ಬಿಡುತ್ತೇನೆ. ನನ್ನ ಚಿಂತೆ 2022–23ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಮಕ್ಕಳನ್ನು ಕುರಿತದ್ದು. ಅವರ ಅಕ್ಕಂದಿರು ಓದಿದ ಕಥೆಯನ್ನು ಅವರು ಓದಲಿಲ್ಲ. ಅವರ ತಮ್ಮಂದಿರು ಓದಿದರು. ಯುದ್ಧದ ನಡುವೆ ಗುಡಿಸಲೊಂದನ್ನು ಸೇರಿದ ವೈದ್ಯ, ಅಲ್ಲಿಯ ಮುದುಕಿ, ಹೆರಿಗೆಯ ನೋವಿನಲ್ಲಿರುವ ಸೊಸೆ – ಇವರ ಪರಿಚಯ ಅವರಿಗಾಗಲಿಲ್ಲ. ತಮಗೆ ಏನು ತಪ್ಪಿತೆಂಬುದೂ ಅವರಿಗೆ ತಿಳಿಯದು. ನಿಷೇಧಿಸಿದ ಪುಸ್ತಕವನ್ನಾದರೂ ಜನ ಹುಡುಕಿ ಓದುತ್ತಾರೆ. ಪಠ್ಯದಿಂದ ಸದ್ದಿಲ್ಲದೆ ಕಳಚಿದ ಪಾಠವನ್ನು ಯಾವ ಮಗುವೂ ಹುಡುಕುವುದಿಲ್ಲ. 125 ಅಂಕಗಳ ಪ್ರಥಮ ಭಾಷೆಯ ಪರೀಕ್ಷೆ ಎದುರಿಗಿರುವಾಗ, ಪಠ್ಯದಲ್ಲಿಲ್ಲದ ಕಥೆಗೆ ಒಂದು ಪಿರಿಯಡ್ ಕೊಡುವ ಧೈರ್ಯ ಯಾವ ಅಧ್ಯಾಪಕನಿಗೂ ಸುಲಭವಲ್ಲ.

ಅಮೆರಿಕದ ಒಂದು ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಎಂಬಲ್ಲಿ ಶಾಲಾ ಮಂಡಳಿಯು ಗ್ರಂಥಾಲಯದಿಂದ ಕೆಲವು ಪುಸ್ತಕಗಳನ್ನು ತೆಗೆಸಿದಾಗ, ಸ್ಟೀವನ್ ಪಿಕೋ ಮೊದಲಾದ ವಿದ್ಯಾರ್ಥಿಗಳೇ ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಒಡೆದ ಅಭಿಪ್ರಾಯದ ನಡುವೆಯೂ, ಅವರ ಪರವಾಗಿ ನಿಂತಿತು. ಪುಸ್ತಕದ ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯಲಾಗದು ಎಂಬುದು ಮುಖ್ಯ ತೀರ್ಪಿನ ಸಾರ. ಅಲ್ಲಿಯ ವ್ಯಾಜ್ಯ ಗ್ರಂಥಾಲಯದ್ದು, ಪಠ್ಯದ್ದಲ್ಲ ಎಂಬುದನ್ನು ಗಮನಿಸಿ. ಪಠ್ಯವನ್ನು ಹಿರಿಯರು ಆರಿಸಿದರೂ, ಮಗು ತಾನೇ ಆರಿಸಿಕೊಳ್ಳಲು ಇನ್ನೊಂದು ಬಾಗಿಲು ಅಲ್ಲಿ ತೆರೆದಿತ್ತು. ನಾನು ಕಂಡ ಹಲವು ಹಳ್ಳಿಶಾಲೆಗಳಲ್ಲಿ ಗ್ರಂಥಾಲಯವೆಂದರೆ ಒಂದು ಬೀರು, ಅದಕ್ಕೊಂದು ಬೀಗ.

ಆದ್ದರಿಂದ ನನ್ನ ಅಪೇಕ್ಷೆ ಎರಡೇ. ಯಾವ ಸರ್ಕಾರವೇ ಇರಲಿ, ಒಂದು ಪಾಠವನ್ನು ಸೇರಿಸುವಾಗ ಅಥವಾ ತೆಗೆಯುವಾಗ ಅದರ ಕಾರಣವನ್ನು ಶಾಲೆಗಳಿಗೂ ಪೋಷಕರಿಗೂ ಬರೆದು ತಿಳಿಸಲಿ. ಕಾರಣ ಬರೆಯಬೇಕಾದಾಗ ಕೈ ತಾನಾಗಿಯೇ ತಡೆದು ಯೋಚಿಸುತ್ತದೆ. ಎರಡನೆಯದು ನಿಮ್ಮ ಕೈಯಲ್ಲಿದೆ. ನಿಮ್ಮಲ್ಲಿ ಹಲವರು ಇಂದು ದೂರದ ನಗರಗಳಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದೀರಿ. ಊರಿಗೆ ಬಂದಾಗ ಶಾಲೆಗೆ ಗಡಿಯಾರ, ಕುರ್ಚಿ ಕೊಡುತ್ತೀರಿ, ಸಂತೋಷ. ಮುಂದಿನ ಸಲ ನಾಲ್ಕು ಕಥಾಸಂಕಲನಗಳನ್ನೂ ತನ್ನಿ. ಜೊತೆಗೆ, ಆ ಬೀರಿನ ಬೀಗದ ಕೈ ಯಾರ ಬಳಿ ಇದೆಯೆಂದು ತಪ್ಪದೆ ವಿಚಾರಿಸಿ.