ಅರವತ್ತಮೂರು ಗುಡ್ಡೆ ಬಾಳೆಹಣ್ಣು

“ಇದನ್ನು ಕಲಿತು ಏನು ಉಪಯೋಗ?” ಲೆಕ್ಕದ ಮೇಷ್ಟ್ರು ಎಂದಾದರೂ ಎದುರಿಸಲೇಬೇಕಾದ ಪ್ರಶ್ನೆ ಇದು. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಪಾಠ ಶುರುಮಾಡುವ ಮೊದಲೇ ಇದಕ್ಕೆ ಉತ್ತರ ಕೊಟ್ಟಿದ್ದ.

ಪುಸ್ತಕದ ಆರಂಭದಲ್ಲೇ ಆತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತ ಎಲ್ಲೆಲ್ಲಿ ಬೇಕು ಎಂದು ಮಹಾವೀರ ಕೊಡುವ ಪಟ್ಟಿಯಲ್ಲಿ ಹಣಕಾಸು, ವೈದ್ಯ, ವಾಸ್ತು, ಗ್ರಹಣ ಎಲ್ಲವೂ ಇವೆ. ಅವುಗಳ ಪಕ್ಕದಲ್ಲೇ ಅಡುಗೆ, ಸಂಗೀತ, ನಾಟಕ, ಛಂದಸ್ಸು, ಕಾಮಶಾಸ್ತ್ರಗಳೂ ಕೂತಿವೆ. ಉಪಯೋಗ ಎಂದರೆ ಸಂಪಾದನೆ ಮಾತ್ರ ಎಂದು ಆತ ತಿಳಿದಿರಲಿಲ್ಲ.

ಮುಂದಿನ ಅಧ್ಯಾಯಗಳಲ್ಲಿ ಬಡ್ಡಿಯ ಲೆಕ್ಕ, ಚಿನ್ನದ ಬೆರಕೆ, ಅಗೆತದ ಅಳತೆ, ನೆರಳಿನ ಉದ್ದ ಬರುತ್ತವೆ. ನಡುವೆ ಒಂದು ಬಾಳೆಹಣ್ಣಿನ ಲೆಕ್ಕವೂ ಇದೆ. ಕಾಡಿನಂಚಿಗೆ ಬಂದ 23 ದಾರಿಹೋಕರಿಗೆ 63 ಸಮನಾದ ಗುಡ್ಡೆ ಬಾಳೆಹಣ್ಣು ಮತ್ತು 7 ಬಿಡಿ ಹಣ್ಣು ಸಿಗುತ್ತವೆ. ಎಲ್ಲರೂ ಸಮನಾಗಿ ಹಂಚಿಕೊಂಡರೆ ಒಂದೂ ಉಳಿಯುವುದಿಲ್ಲ. ಹಾಗಾದರೆ ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣು?

ಇಂಥ ಲೆಕ್ಕ ಯಾವ ಸಂತೆಯಲ್ಲೂ ಎದುರಾಗುವುದಿಲ್ಲ. ಕಣ್ಣೆದುರು ಗುಡ್ಡೆಯಿದ್ದರೆ ಎಣಿಸಿದರಾಯಿತು. ಆದರೂ ಕೇಳಿದವರ ಕೈ ಸುಮ್ಮನಿರುವುದಿಲ್ಲ. ಒಂದು, ಎರಡು, ಮೂರು ಎಂದು ಇಟ್ಟು ನೋಡುತ್ತ ಹೋದರೆ ಐದಕ್ಕೆ ಉತ್ತರ ಸಿಗುತ್ತದೆ: ಒಟ್ಟು 322 ಹಣ್ಣು, ತಲೆಗೆ 14. ಗುಡ್ಡೆಗೆ 28 ಎಂದರೂ ಲೆಕ್ಕ ಸರಿಹೋಗುತ್ತದೆ. ಆಗ ಹೊಸ ಪ್ರಶ್ನೆಗಳು ಏಳುತ್ತವೆ: ಉತ್ತರಗಳು 23ರ ಅಂತರದಲ್ಲೇ ಏಕೆ ಬರುತ್ತವೆ? ಸಂಖ್ಯೆಗಳು ಸಾವಿರ, ಲಕ್ಷ ದಾಟಿದರೆ ಹೀಗೆ ಒಂದೊಂದಾಗಿ ಹುಡುಕಲಾದೀತೆ?

ಆಗದು, ಅದಕ್ಕೊಂದು ಉಪಾಯ ಬೇಕು. ಆ ಉಪಾಯದ ಹೆಸರು ಕುಟ್ಟಕ. ಒನಕೆಯಲ್ಲಿ ಕುಟ್ಟಿದ ಹಾಗೆ, ಮತ್ತೆ ಮತ್ತೆ ಭಾಗಿಸಿ ದೊಡ್ಡ ಸಂಖ್ಯೆಗಳನ್ನು ಸಣ್ಣದು ಮಾಡುವ ವಿಧಾನ ಇದು. 499ರಲ್ಲೇ ಆರ್ಯಭಟ ಇದನ್ನು ವಿವರಿಸಿದ್ದ. ಖಗೋಳದವರು ಗ್ರಹಗಳ ಸುತ್ತುಗಳನ್ನು ಲೆಕ್ಕಹಾಕಲು ಇದನ್ನೇ ಬಳಸಿದರು. ಗ್ರಹಗತಿ ಎಂದರೆ ಬೆಚ್ಚಿಬೀಳುವ ಹುಡುಗನಿಗೂ ಬಾಳೆಹಣ್ಣು ಗೊತ್ತು. ವಿಧಾನದ ಅಗತ್ಯ ಅವನಿಗೇ ಅನಿಸಿದ ಮೇಲೆ ಮೇಷ್ಟ್ರು ಅದನ್ನು ಹೇಳಿಕೊಡುವುದು ಸುಲಭ.

ಈ ಗಣಿತ ಸಂಸ್ಕೃತದಲ್ಲೇ ಉಳಿಯಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಮಹಾವೀರನ ಕೃತಿಯನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದು, ಒಂದು ಕೃತಿಗೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಅಂಗಡಿಯವನೂ ಅಳತೆಗಾರನೂ ಆಡುವ ಭಾಷೆಗೆ ಲೆಕ್ಕದ ಪುಸ್ತಕ ಬಂತು.

ಇಂದಿನ ಪಠ್ಯಗಳಲ್ಲಿ ಹಳೆಯ ಲೆಕ್ಕದ ಮಾವಿನಹಣ್ಣು ತೆಗೆದು ಮೊಬೈಲ್ ಫೋನು ಇಟ್ಟರೆ ‘ನಿಜಜೀವನದ ಅನ್ವಯ’ ಆಗಿಬಿಡುತ್ತದೆ. ಮಹಾವೀರ ಹಣ್ಣಿನ ಜೊತೆಗೆ ಕುತೂಹಲವನ್ನೂ ಇಟ್ಟಿದ್ದ. ಬಿಡಿಸಿದವನು ಮುಂದಿನ ಲೆಕ್ಕವನ್ನು ತಾನೇ ಕೇಳುತ್ತಿದ್ದ.